ಲಕ್ಷಣವೂ ಶ್ರೇಯಸ್ಸೂ: ಪ್ರದರ್ಶನದ ಪುಟ್ಟ ನಾಯಿಯ ಕುರಿತು

ಶ್ವಾನ ಪ್ರದರ್ಶನದ ತೀರ್ಪುಗಾರರು ಕಣದಲ್ಲಿ ನಿಂತ ನಾಯಿಗಳನ್ನು ಒಂದರೊಡನೊಂದು ತೂಗಿ ನೋಡುವಂತೆ ಕಂಡರೂ, ನಿಯಮದ ಪ್ರಕಾರ ಅವರು ಪ್ರತಿಯೊಂದನ್ನೂ ಹೋಲಿಸಬೇಕಾದುದು ಆ ತಳಿಯ ಉತ್ತಮ ಮಾದರಿ ಹೇಗಿರಬೇಕೆಂದು ಮಾತಿನಲ್ಲಿ ಕಟ್ಟಿಟ್ಟ ಒಂದು ವಿವರಣೆಯೊಡನೆ. ಶ್ವಾನಪ್ರಿಯರು ಬ್ರೀಡ್ ಸ್ಟ್ಯಾಂಡರ್ಡ್ ಎಂದು ಕರೆಯುವ ಈ ತಳಿ ಮಾನದಂಡಕ್ಕೆ ಹತ್ತಿರ ಬರುವ ಮರಿ ‘ಶೋ ಕ್ವಾಲಿಟಿ’ ಎನಿಸಿಕೊಳ್ಳುತ್ತದೆ. ಮಚ್ಚೆ ಅಸ್ತವ್ಯಸ್ತವಾಗಿ ಹರಡಿದ ಅಥವಾ ಮೇಲಿನ ಕೆಳಗಿನ ಹಲ್ಲುಗಳು ಸರಿಯಾಗಿ ಕೂಡದ ಅದರ ಒಡಹುಟ್ಟು ‘ಪೆಟ್ ಕ್ವಾಲಿಟಿ’ಯಾಗಿ ಮನೆಯೊಂದನ್ನು ಸೇರುತ್ತದೆ. ಬೇಟೆನಾಯಿಯ ಆಳವಾದ ಎದೆಗೂಡನ್ನೋ ಕುರಿನಾಯಿಯ ದಟ್ಟ ತುಪ್ಪಳವನ್ನೋ ಅದು ಮಾಡುವ ಕೆಲಸದಿಂದ ಸಮರ್ಥಿಸಬಹುದು. ಮನುಷ್ಯನ ಜೊತೆಗಿರುವುದನ್ನು ಬಿಟ್ಟು ಬೇರೆ ಕೆಲಸವಿಲ್ಲದ ಪುಟ್ಟ ನಾಯಿಗೆ ಆ ಸಮರ್ಥನೆ ಒದಗುವುದಿಲ್ಲವಾದ್ದರಿಂದ, ಅದರ ಲಕ್ಷಣಗಳು ಸೂಚಿಸುವ ಒಳಿತು ಯಾವುದು, ಮತ್ತು ಆ ಒಳಿತು ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಇಲ್ಲಿ ಮರೆಯಿಲ್ಲದೆ ಏಳುತ್ತದೆ.

ಇಂಗ್ಲೆಂಡಿನ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪಾನಿಯಲ್ ತಳಿಯ ಚರಿತ್ರೆ ಈ ಪ್ರಶ್ನೆಯನ್ನು ಪರಿಶೀಲಿಸಲು ಬಹಳ ತಕ್ಕದ್ದು. 17ನೆಯ ಶತಮಾನದಲ್ಲಿ ಎರಡನೆಯ ಚಾರ್ಲ್ಸ್ ದೊರೆಯ ಅರಮನೆಯಲ್ಲಿದ್ದ ಪುಟ್ಟ ಸ್ಪಾನಿಯಲ್‌ಗಳಿಗೆ ಚಪ್ಪಟೆ ನೆತ್ತಿಯೂ ತಕ್ಕಮಟ್ಟಿಗೆ ಉದ್ದವಾದ ಮೂತಿಯೂ ಇದ್ದುದನ್ನು ಆ ಕಾಲದ ವರ್ಣಚಿತ್ರಗಳು ತೋರಿಸುತ್ತವೆ. 19ನೆಯ ಶತಮಾನದಲ್ಲಿ ಅಭಿರುಚಿ ಬದಲಾಗಿ, ಗುಮ್ಮಟದಂತೆ ಉಬ್ಬಿದ ತಲೆ ಮತ್ತು ಒಳಕ್ಕೆ ಒತ್ತಿದ ಮೂತಿಯ ನಾಯಿಗಳಿಗೇ ಬಹುಮಾನ ಸಲ್ಲತೊಡಗಿದಾಗ ಹಳೆಯ ರೂಪ ಹೆಚ್ಚುಕಡಿಮೆ ಕಣ್ಮರೆಯಾಯಿತು, ಅಲ್ಲಲ್ಲಿ ಹುಟ್ಟಿದ ಉದ್ದ ಮೂತಿಯ ಮರಿ ದೋಷಯುಕ್ತವೆನಿಸಿತು. 1926ರಲ್ಲಿ ರಾಸ್ವೆಲ್ ಎಲ್ಡ್ರಿಜ್ ಎಂಬ ಅಮೆರಿಕನ್ ಶ್ರೀಮಂತರು ಲಂಡನ್ನಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ ಹಳೆಯ ಚಿತ್ರಗಳನ್ನು ಹೋಲುವ ಗಂಡು ಮತ್ತು ಹೆಣ್ಣು ನಾಯಿಗೆ ತಲಾ 25 ಪೌಂಡ್ ಬಹುಮಾನ ಘೋಷಿಸಿದರು. 1928ರಲ್ಲಿ ತಳಿಯ ಸಂಘ ರೂಪುಗೊಂಡಾಗ ಸದಸ್ಯರು ಆನ್ಸ್ ಸನ್ ಎಂಬ ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಹಳೆಯ ಚಿತ್ರಗಳ ಪ್ರತಿಗಳನ್ನು ಮುಂದಿಟ್ಟುಕೊಂಡು ಮಾನದಂಡವನ್ನು ಬರೆದರು. ನಾಯಿಯ ಕೂದಲನ್ನು ಕತ್ತರಿಸಿ ತಿದ್ದಬಾರದು, ಫ್ಯಾಷನ್ನಿನ ಹಿಡಿತಕ್ಕೆ ಅದನ್ನು ಬಿಟ್ಟುಕೊಡಬಾರದು ಎಂದೂ ನಿರ್ಧರಿಸಿದರು. 1945ರಲ್ಲಿ ಕೆನಲ್ ಕ್ಲಬ್ ಇದನ್ನು ಪ್ರತ್ಯೇಕ ತಳಿಯೆಂದು ದಾಖಲಿಸಿತು. ಕೆಲವೇ ವರ್ಷಗಳ ಅಂತರದಲ್ಲಿ ಅದೇ ಮೂತಿ ದೋಷದಿಂದ ಗುಣಕ್ಕೆ ಏರಿದ ಈ ಘಟನೆಯನ್ನು ನೋಡಿದವರಿಗೆ, ಮಾನದಂಡವೆಂಬುದು ನಿಸರ್ಗದಲ್ಲಿ ಮೊದಲೇ ಇದ್ದು ಮನುಷ್ಯನು ಕಂಡುಕೊಂಡ ಸತ್ಯ ಎಂದು ಹೇಳುವುದು ಕಷ್ಟವಾಗುತ್ತದೆ.

ಮಾನದಂಡದ ಒಳವಿವರಗಳು ಮಾತ್ರ ಬಹಳ ಸೂಕ್ಷ್ಮವಾಗಿವೆ. ಪುಟ್ಟ ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ ಪರೀಕ್ಷಿಸುವ ತೀರ್ಪುಗಾರರು ಕಿವಿಗಳ ನಡುವಿನ ನೆತ್ತಿ ಹೆಚ್ಚುಕಡಿಮೆ ಸಮತಟ್ಟಾಗಿದೆಯೇ, ಕಣ್ಣು ದೊಡ್ಡದಾಗಿ ಕಪ್ಪಾಗಿದ್ದೂ ಹೊರಚಾಚಿಲ್ಲವೇ, ಮೂತಿಯ ಉದ್ದ ಒಂದೂವರೆ ಅಂಗುಲದ ಆಸುಪಾಸಿನಲ್ಲಿದೆಯೇ, ಮೇಲಿನ ಹಲ್ಲುಗಳು ಕತ್ತರಿಯಂತೆ ಕೆಳಗಿನವನ್ನು ತುಸು ಮುಚ್ಚಿ ಕೂಡುತ್ತವೆಯೇ ಎಂದು ಕೈಯಿಂದಲೂ ಕಣ್ಣಿನಿಂದಲೂ ತಿಳಿಯುತ್ತಾರೆ. ತೂಕ 5.4ರಿಂದ 8.2 ಕಿಲೋ ಒಳಗಿರಬೇಕು, ರೇಷ್ಮೆಯಂಥ ಕೂದಲು ಗುಂಗುರಾಗಿರಬಾರದು. ಬಳಿಕ ನಾಯಿಯನ್ನು ನಡೆಸಿ, ಮುಂಗಾಲು ಹಿಂಗಾಲುಗಳ ಚಲನೆ ನೇರವಾಗಿಯೂ ಸರಾಗವಾಗಿಯೂ ಇದೆಯೇ ಎಂದು ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಗಮನಿಸುತ್ತಾರೆ. ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ: ಅಂಜುವ ಅಥವಾ ಕಚ್ಚಲು ಬರುವ ನಾಯಿ ಎಷ್ಟು ಸುಂದರವಾಗಿದ್ದರೂ ಕ್ಯಾವಲಿಯರ್ ಆಗಿ ಸೋತಂತೆಯೇ. ಸಂಗಾತಿಯಾಗುವುದೇ ಈ ತಳಿಯ ಧರ್ಮವಾದ್ದರಿಂದ ಇಡೀ ಮಾನದಂಡದಲ್ಲಿ ಅತ್ಯಂತ ಸಮರ್ಥನೀಯವಾದುದು ಈ ಅಂಶವೇ, ಆದರೆ ಕೆಲವೇ ನಿಮಿಷಗಳ ಪರೀಕ್ಷೆಯಲ್ಲಿ ಅತ್ಯಂತ ಕಡಿಮೆ ತಿಳಿಯುವುದೂ ಇದೇ.

ಲಕ್ಷಣವೆಂದರೇನೆಂಬುದನ್ನು ಭಾರತೀಯ ನ್ಯಾಯದರ್ಶನ ಬಹಳ ಎಚ್ಚರದಿಂದ ವಿವೇಚಿಸಿದೆ. ಒಂದು ವಸ್ತುವನ್ನು ಉಳಿದೆಲ್ಲವುಗಳಿಂದ ಬೇರ್ಪಡಿಸಿ ತೋರಿಸುವ ಧರ್ಮವೇ ಲಕ್ಷಣ. ಅದು ಆ ವಸ್ತುಗಳಲ್ಲಿ ಕೆಲವಕ್ಕೆ ಮಾತ್ರ ಅನ್ವಯಿಸಿದರೆ ಅವ್ಯಾಪ್ತಿ, ಬೇರೆಯವಕ್ಕೂ ಅನ್ವಯಿಸಿದರೆ ಅತಿವ್ಯಾಪ್ತಿ, ಯಾವುದಕ್ಕೂ ಅನ್ವಯಿಸದಿದ್ದರೆ ಅಸಂಭವ ಎಂಬ ದೋಷ ತಗಲುತ್ತದೆ. ಹಸುವಿಗೆ ಗಂಗೆದೊಗಲು ಲಕ್ಷಣವಾಗಬಲ್ಲದು, ಕಪಿಲವರ್ಣ ಆಗಲಾರದು, ಏಕೆಂದರೆ ಬಿಳಿಯ ಹಸುವೂ ಹಸುವೇ. ಈ ಅಳತೆಯಿಂದ ನೋಡಿದರೆ ತಳಿ ಮಾನದಂಡವು ಲಕ್ಷಣವೇ ಅಲ್ಲ: ಮಚ್ಚೆ ತಪ್ಪಿದ ಮರಿಯೂ ವಂಶಾವಳಿಯ ಬಲದಿಂದ ಕ್ಯಾವಲಿಯರ್ ಆಗಿಯೇ ಉಳಿಯುತ್ತದೆ. ಹಾಗಾಗಿ ತಳಿಗೆ ಸೇರುವುದನ್ನು ರಕ್ತಸಂಬಂಧ ನಿರ್ಣಯಿಸಿದರೆ, ತಳಿಯಲ್ಲಿ ಮೇಲೇರುವುದನ್ನು ರೂಪ ನಿರ್ಣಯಿಸುತ್ತದೆ, ಮತ್ತು ಆ ರೂಪ ವರ್ಣನೆಯಂತೆ ಕಂಡರೂ ವಾಸ್ತವದಲ್ಲಿ ವಿಧಿ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1790ರಲ್ಲಿ ಪ್ರಕಟಿಸಿದ ಸೌಂದರ್ಯ ವಿವೇಚನೆಯಲ್ಲಿ, ಒಂದು ಜಾತಿಯ ಅನೇಕ ವ್ಯಕ್ತಿಗಳ ರೂಪಗಳನ್ನು ಕಲ್ಪನೆ ಒಂದರ ಮೇಲೊಂದು ಇಟ್ಟು ಪಡೆಯುವ ಸರಾಸರಿ ಮಾದರಿಯು ಕೇವಲ ನಿರ್ದುಷ್ಟತೆಯನ್ನು ಕೊಡುತ್ತದೆಯೇ ಹೊರತು ಸೌಂದರ್ಯವನ್ನಲ್ಲ ಎಂದು ವಾದಿಸಿದ್ದಾನೆ. ಪ್ರದರ್ಶನದ ಮಾದರಿ ಇಂಥ ಸರಾಸರಿಯೂ ಅಲ್ಲ; ಸರಾಸರಿಯನ್ನು ಆಯ್ದ ದಿಕ್ಕಿಗೆ ಎಳೆಯುವ ಇಚ್ಛೆ ಅದರೊಳಗಿದೆ.

ಆ ಇಚ್ಛೆ ಹೊಸದಲ್ಲ. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ನಾಯಿಯ ಲಕ್ಷಣಗಳಿಗೇ ಮೀಸಲಾದ ಚಿಕ್ಕ ಅಧ್ಯಾಯವೊಂದಿದ್ದು, ಮೂರು ಕಾಲುಗಳಲ್ಲಿ ಐದೈದು ಉಗುರು, ಬಲ ಮುಂಗಾಲಿನಲ್ಲಿ ಆರು ಉಗುರುಳ್ಳ ನಾಯಿಯನ್ನು ಸಾಕಿದ ಮನೆಗೆ ಸಂಪತ್ತು ಬರುತ್ತದೆಂದು ಅದು ಹೇಳುತ್ತದೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೂ ನಾಯಿಗಳ ವಿಚಾರವನ್ನು ಅರಸನ ವಿನೋದಗಳ ಸಾಲಿನಲ್ಲೇ ಇಡುತ್ತದೆ. ಲಕ್ಷಣ ನಾಯಿಯ ಮೈಮೇಲಿದ್ದರೂ ಅದರ ಫಲ ಯಜಮಾನನಿಗೆ ಸಲ್ಲುತ್ತದೆ ಎಂಬ ಈ ಏರ್ಪಾಟನ್ನು ಇಂದಿನ ಪ್ರದರ್ಶನಗಳೂ ಮುಂದುವರಿಸಿವೆ: ಪದಕ, ಕೀರ್ತಿ, ಮರಿಗಳ ಬೆಲೆ ಎಲ್ಲವೂ ಮನುಷ್ಯನಿಗೆ ಸೇರುತ್ತವೆ. ಇದರಲ್ಲಿ ತಾನಾಗಿ ಅನ್ಯಾಯವೇನಿಲ್ಲ, ಮಚ್ಚೆ ಎಲ್ಲಿ ಕೂತಿದೆ ಎಂಬುದರಿಂದ ನಾಯಿಯ ಬಾಳು ಕೆಡುವುದಿಲ್ಲ. ಲಕ್ಷಣವನ್ನು ಬೆನ್ನಟ್ಟಿದ ಆಯ್ಕೆ ನಾಯಿಯ ದೇಹವನ್ನೇ ನೋವಿನ ನೆಲೆಯಾಗಿಸಿದಾಗ ಮಾತ್ರ ಪ್ರಶ್ನೆ ಧರ್ಮದ ಪ್ರಶ್ನೆಯಾಗುತ್ತದೆ.

ಕ್ಯಾವಲಿಯರ್‌ನಲ್ಲಿ ಅದು ಹಾಗೆಯೇ ಆಗಿದೆ. ಬೆರಳೆಣಿಕೆಯಷ್ಟು ಪೂರ್ವಜರಿಂದ ಬೆಳೆದ ಈ ತಳಿಯಲ್ಲಿ ಹೃದಯದ ಮೈಟ್ರಲ್ ಕವಾಟ ಸವೆಯುವ ಕಾಯಿಲೆ ಬಹಳ ವ್ಯಾಪಕವಾಗಿದ್ದು, ಹತ್ತು ವರ್ಷ ದಾಟಿದ ನಾಯಿಗಳಲ್ಲಿ ಹೆಚ್ಚಿನವಕ್ಕೆ ಅದು ತಗಲಿರುತ್ತದೆ. ಇನ್ನೊಂದು ಕಾಯಿಲೆ ಸಿರಿಂಗೋಮಯೇಲಿಯಾ: ತಲೆಬುರುಡೆಯ ಹಿಂಭಾಗ ಮಿದುಳಿಗೆ ಸಾಲದಷ್ಟು ಕಿರಿದಾಗಿ, ದ್ರವದ ಹರಿವಿಗೆ ತಡೆಯಾಗಿ, ಬೆನ್ನುಹುರಿಯೊಳಗೆ ಪೊಳ್ಳುಗಳು ಉಂಟಾಗುತ್ತವೆ; ನೋವಿಗೆ ಸಿಕ್ಕ ನಾಯಿ ಕುತ್ತಿಗೆಯ ಬಳಿ ಗಾಳಿಯನ್ನೇ ಕೆರೆಯುತ್ತದೆ. ಮೊದಲನೆಯದು ಸಾಮಾನ್ಯವಾಗಿ ವಯಸ್ಸಾದಂತೆ ಪ್ರಕಟವಾಗುವುದರಿಂದ, ಎರಡನೆಯದು ಎಂಆರ್‌ಐ ಚಿತ್ರದಲ್ಲಷ್ಟೇ ಖಚಿತವಾಗುವುದರಿಂದ, ಎಳೆಯ ವಯಸ್ಸಿನಲ್ಲೇ ಗೆದ್ದು ಮರಿಗಳ ತಂದೆಯಾಗುವ ನಾಯಿಯಲ್ಲಿ ತೀರ್ಪುಗಾರರ ಕಣ್ಣಿಗೆ ಇವೆರಡೂ ಬೀಳದೆ ಹೋಗಬಹುದು. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಜೀವಿಯ ಶ್ರೇಷ್ಠತೆಯನ್ನು ಅದು ತನ್ನ ಸ್ವಭಾವಕ್ಕೆ ತಕ್ಕಂತೆ ಬಾಳುವ ಸಾಮರ್ಥ್ಯದಲ್ಲಿ ಹುಡುಕಿದನು. ಆ ಅರ್ಥದಲ್ಲಿ ಶ್ರೇಷ್ಠತೆ ಇಡೀ ಆಯುಷ್ಯದಲ್ಲಿ ಹರಡಿರುವ ಗುಣ, ಒಂದು ಮಧ್ಯಾಹ್ನದ ನಿಲುವಿನಲ್ಲಿ ಅದನ್ನು ಪೂರ್ತಿಯಾಗಿ ಓದಲಾಗದು.

ತಳಿಗಾರರು ಇದನ್ನು ಅರಿಯದವರಲ್ಲ. ಎರಡೂವರೆ ವರ್ಷ ತುಂಬುವವರೆಗೆ ಕೂಡಿಸಬಾರದು, ತಂದೆತಾಯಿಗಳ ಹೃದಯ ಐದನೆಯ ವರ್ಷದಲ್ಲೂ ಶುದ್ಧವಾಗಿದ್ದಿರಬೇಕು ಎಂಬ ಕಟ್ಟುಪಾಡನ್ನು ನಿಷ್ಠೆಯಿಂದ ಪಾಲಿಸುವವರು ಗೌರವಾರ್ಹರು. 2008ರಲ್ಲಿ ಬಿಬಿಸಿ ಸಾಕ್ಷ್ಯಚಿತ್ರವೊಂದು ತಳಿನಾಯಿಗಳ ಸಂಕಟವನ್ನು ತೋರಿಸಿದ ಬಳಿಕ ಬ್ರಿಟನ್ನಿನ ಕೆನಲ್ ಕ್ಲಬ್ ತನ್ನ ಮಾನದಂಡಗಳನ್ನು ಪರಿಷ್ಕರಿಸಿ, ಆರೋಗ್ಯಕ್ಕೆ ಕುಂದು ತರುವ ಅತಿರೇಕಗಳನ್ನು ತೀರ್ಪುಗಾರರು ಪುರಸ್ಕರಿಸಬಾರದೆಂಬ ಮಾತನ್ನು ಸೇರಿಸಿತು. ನಾರ್ವೆ ಇನ್ನೂ ಮುಂದೆ ಹೋಯಿತು: ಕ್ಯಾವಲಿಯರ್‌ಗಳ ಸಂತಾನಾಭಿವೃದ್ಧಿ ಪ್ರಾಣಿ ಕಲ್ಯಾಣ ಕಾಯ್ದೆಗೆ ವಿರುದ್ಧವೆಂದು 2022ರಲ್ಲಿ ಓಸ್ಲೋ ಜಿಲ್ಲಾ ನ್ಯಾಯಾಲಯ ಹೇಳಿತು, 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಉಳಿದ ದಾರಿ ಬೇರೆ ತಳಿಯೊಡನೆ ಬೆರಕೆ. ವಂಶಾವಳಿಯ ಶುದ್ಧಿಯನ್ನೇ ತಳಿಯ ಸಾರವೆಂದು ನಂಬಿದವರು ಇದನ್ನು ಒಪ್ಪಲು ಹಿಂಜರಿಯುತ್ತಾರೆ. ಆದರೆ ಡಾಲ್ಮೇಷನ್ ನಾಯಿಗಳ ಯೂರಿಕ್ ಆಮ್ಲದ ದೋಷವನ್ನು ನೀಗಿಸಲು 1973ರಲ್ಲಿ ರಾಬರ್ಟ್ ಶೈಬಲ್ ಎಂಬ ತಳಿವಿಜ್ಞಾನಿ ಒಂದೇ ಒಂದು ಪಾಯಿಂಟರ್ ನಾಯಿಯನ್ನು ಬೆರೆಸಿ, ಮುಂದೆ ಪೀಳಿಗೆ ಪೀಳಿಗೆಯಾಗಿ ಡಾಲ್ಮೇಷನ್‌ಗಳೊಡನೆಯೇ ಕೂಡಿಸಿದಾಗ, ಚುಕ್ಕೆಯ ರೂಪ ಮರಳಿ ಬಂತು, ಆರೋಗ್ಯವೂ ಉಳಿಯಿತು; ಅಮೆರಿಕನ್ ಕೆನಲ್ ಕ್ಲಬ್ ಆ ಸಂತತಿಗೆ ತನ್ನ ದಾಖಲೆಯಲ್ಲಿ ಜಾಗ ಕೊಟ್ಟದ್ದು 2011ರಲ್ಲಿ.