ಸತ್ತವರಿಗಾಗಿ ಓಡುವುದು

2018ರಲ್ಲಿ ಎಡಿಸನ್ ಎಸ್ಕೀಟ್ಸ್ ಎಂಬ, ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನಾಂಗದ ಓಟಗಾರರು ಅರಿಜೋನಾದ ಕ್ಯಾನ್ಯನ್ ಡಿ ಶೇ ಕಣಿವೆಯಿಂದ ಹೊರಟು, 15 ದಿನಗಳಲ್ಲಿ ಸುಮಾರು 330 ಮೈಲಿ ಓಡಿ, ನ್ಯೂ ಮೆಕ್ಸಿಕೋದ ಸಾಂತಾ ಫೇ ತಲುಪಿದರು. ತಮ್ಮ ಹಿರೀಕರನ್ನು ಅಮೆರಿಕದ ಸೈನ್ಯ ನೆಲದಿಂದ ಎಬ್ಬಿಸಿ ನಡೆಸಿಕೊಂಡು ಹೋದ ‘ದೀರ್ಘ ನಡಿಗೆ’ಯ ನೆನಪಿಗಾಗಿ ಆ ಓಟ. ಸತ್ತವರಿಗೆ ಇದರಿಂದ ಏನು ಸಿಕ್ಕಿತು? ಏನೂ ಇಲ್ಲ. ನಾವು ಇಡುವ ಎಡೆ ಅವರ ಹೊಟ್ಟೆ ಸೇರದ ಹಾಗೆಯೇ ಮೊಮ್ಮಕ್ಕಳ ಬೆವರೂ ಅವರನ್ನು ಮುಟ್ಟದು. ಇಷ್ಟನ್ನು ಒಪ್ಪಿಕೊಂಡ ಮೇಲೂ ಆ ಓಟ ವ್ಯರ್ಥವೆಂದು ನಾನು ಹೇಳಲಾರೆ.

ನಡೆದದ್ದು ಇದು. 1863–64ರಲ್ಲಿ ಜನರಲ್ ಜೇಮ್ಸ್ ಕಾರ್ಲ್‌ಟನ್ ಹೊರಡಿಸಿದ ಆಜ್ಞೆಯಂತೆ ಕಿಟ್ ಕಾರ್ಸನ್‌ನ ಸೈನ್ಯ ನವಾಹೋಗಳ ಮೆಕ್ಕೆಜೋಳದ ಹೊಲಗಳನ್ನು ನಾಶಮಾಡಿತು, ಕುರಿಮಂದೆಗಳನ್ನು ಹಿಡಿಯಿತು, ಕೊಂದಿತು. ಕಣಿವೆಯ ಪೀಚ್ ಮರಗಳನ್ನೂ ಸೈನಿಕರು ಕಡಿದು ಉರುಳಿಸಿದರು. ಹಸಿವಿಗೆ ಸೋತು ಶರಣಾದ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಪೇಕೋಸ್ ನದಿದಂಡೆಯ ಬೋಸ್ಕೆ ರೆಡೋಂಡೋ ಶಿಬಿರಕ್ಕೆ ಅಟ್ಟಲಾಯಿತು. ಅಲ್ಲಿ ನೀರು ಸವಳು, ಸೌದೆಗೆ ಬರ, ಬಿತ್ತಿದ ಮೆಕ್ಕೆಜೋಳಕ್ಕೆ ಹುಳು. ನಾಲ್ಕು ವರ್ಷಗಳಲ್ಲಿ ಸತ್ತವರು ಸುಮಾರು ಎರಡು ಸಾವಿರ ಎಂಬ ಅಂದಾಜಿದೆ.

ಕಾರ್ಲ್‌ಟನ್ ಇದನ್ನು ಬರೀ ಶಿಕ್ಷೆ ಎನ್ನಲಿಲ್ಲ. ‘ಕಾಡುಜನ’ರಿಗೆ ಬೇಸಾಯ ಕಲಿಸಿ, ಕ್ರೈಸ್ತರನ್ನಾಗಿ ತಿದ್ದುವ ಯೋಜನೆ ಎಂದ. ಬೇಸಾಯ ಕಲಿಸಬೇಕಾದದ್ದು ಯಾರಿಗೆ? ಪೀಚ್ ತೋಟ ಬೆಳೆಸಿಕೊಂಡಿದ್ದವರಿಗೆ! ದ್ವೇಷದಿಂದ ಹೊಡೆಯುವ ಕೈ ಒಂದಲ್ಲ ಒಂದು ದಿನ ದಣಿಯುತ್ತದೆ. ಉದ್ಧಾರ ಮಾಡುತ್ತೇನೆಂದು ಹೊಡೆಯುವ ಕೈಗೆ ದಣಿವಿಲ್ಲ, ಸಂಶಯವೂ ಇಲ್ಲ.

ಆದ್ದರಿಂದಲೇ ಎಸ್ಕೀಟ್ಸರ ಓಟ ಹಿಡಿದ ದಿಕ್ಕು ನನಗೆ ಮುಖ್ಯವೆನಿಸುತ್ತದೆ. ಅದು ಮುಗಿದದ್ದು ಹಿರೀಕರು ಸತ್ತ ಶಿಬಿರದಲ್ಲಲ್ಲ, ಕಾರ್ಲ್‌ಟನ್ ಕೂತು ಆಜ್ಞೆ ಬರೆಯುತ್ತಿದ್ದ ಊರಿನಲ್ಲಿ. ಶೋಕಕ್ಕೆ ಸಮಾಧಿ ಸಾಕು. ವಿಚಾರ ಮಾಡುವವನು ಕಚೇರಿಯ ಬಾಗಿಲಿಗೂ ಹೋಗಬೇಕು. ಎಷ್ಟೋ ನವಾಹೋ ಹಿರಿಯರು ಆ ಶಿಬಿರದ ಮಾತೆತ್ತಲೂ ಇಷ್ಟಪಡುತ್ತಿರಲಿಲ್ಲ. ಆ ಮೌನ ಗೌರವಕ್ಕೆ ಅರ್ಹ. ಆದರೆ ನೊಂದವರು ಸುಮ್ಮನಾದರೆ ನೋಯಿಸಿದವರ ಕಡತವೊಂದೇ ಚರಿತ್ರೆಯಾಗಿ ಉಳಿಯುತ್ತದೆ.

ಇಂಥ ನೆನಪಿಗೆ ಒಂದು ಅಪಾಯವೂ ಇದೆ: ನಮ್ಮವರ ನೋವು ಮಾತ್ರವೇ ನೋವು ಎಂಬ ಕುಲಾಭಿಮಾನ. ಅದೇ ಶಿಬಿರದಲ್ಲಿ ಮೆಸ್ಕಲೆರೋ ಅಪಾಚೆ ಎಂಬ ಇನ್ನೊಂದು ಮೂಲನಿವಾಸಿ ಜನಾಂಗದವರೂ ಸೆರೆಯಿದ್ದರು. ಅವರನ್ನು ಬಿಟ್ಟು ಹೇಳಿದ ಕಥೆ ಅರ್ಧ ಸತ್ಯ.

1868ರಲ್ಲಿ ಸರ್ಕಾರದ ಪರವಾಗಿ ಬಂದ ಜನರಲ್ ಶೆರ್ಮನ್, ಈಗಿನ ಓಕ್ಲಹೋಮಾ ಇರುವ ಕಡೆ ಬೇರೆ ನೆಲ ಕೊಡುವ ಮಾತಾಡಿದ. ನವಾಹೋ ಮುಖಂಡ ಬಾರ್ಬೊನ್ಸಿಟೊ ಅದನ್ನು ಒಪ್ಪದೆ, ತಮ್ಮ ನೆಲಕ್ಕೇ ಮರಳಬೇಕೆಂದು ಪಟ್ಟು ಹಿಡಿದ. ಜೂನ್ 1ರಂದು ಒಪ್ಪಂದವಾಯಿತು. ಜನ ಊರಿಗೆ ನಡೆದರು. ಮರಳಬೇಕೆಂಬ ಈ ಮಾತನ್ನು ಮೊದಲೇ ಕೇಳಿಸಿಕೊಂಡಿದ್ದರೆ ಅಷ್ಟು ಜನ ಸಾಯಬೇಕಾಗಿರಲಿಲ್ಲ. ಯಾರ ಒಳಿತಿಗೆಂದು ನಾವು ಹೊರಡುತ್ತೇವೆಯೋ ಅವರನ್ನು ಮೊದಲು ಕೇಳುವುದು, ಅವರು ಬೇಡವೆಂದರೆ ನಿಲ್ಲುವುದು: ಸತ್ತವರಿಗೆ ತೋರಬಹುದಾದ ಗೌರವದಲ್ಲಿ ಬದುಕಿರುವವರಿಗೆ ಉಪಯೋಗಕ್ಕೆ ಬರುವುದು ಇದೇ.