ಸಮಪಾಲು

ಕಳೆದ ದೀಪಾವಳಿಗೆ ನನ್ನ ತಮ್ಮನ ಮಗಳು ಬೆಂಗಳೂರಿನಿಂದ ಧನಗೆರೆಗೆ ಬಂದಿದ್ದಳು. ಅವಳು ಸ್ನಾನಕ್ಕೆ ಹೋದಾಗ ಹಾಸಿಗೆ ಮಡಚುತ್ತಿದ್ದ ನನ್ನ ಕೈಗೆ ದಿಂಬಿನ ಪಕ್ಕದಲ್ಲಿದ್ದ ಅವಳ ಲೆಕ್ಕದ ಪುಸ್ತಕ ಸಿಕ್ಕಿತು. ಬೇರೆಯವರ ಪುಸ್ತಕ ತೆರೆಯಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವಳು ನಾನು. ಆದರೂ ತೆರೆದೆ. ಅಂಕೆಗಳು ಮುತ್ತಿನಂತಿದ್ದವು. ಒಂದು ತಿಂಗಳಲ್ಲಿ ಮೂರು ಕಡೆ ‘ತಲೆನೋವು’ ಎಂದು ಬರೆದು, ಮುಂದೆ ಸೊನ್ನೆ ಹಾಕಿದ್ದಳು.

ಅವಳು ಬಂದೊಡನೆ, “ಅಲ್ಲ ಕಣೇ, ಪದೇ ಪದೇ ತಲೆನೋವು ಅಂತ ಬರೆದಿದ್ದೀಯ, ಡಾಕ್ಟರಿಗೆ ತೋರಿಸಿದೆಯಾ? ಕನ್ನಡಕ ಬೇಕೇನೋ” ಎಂದೆ. ಪುಸ್ತಕ ನೋಡಿದ್ದಕ್ಕೆ ಒಂದು ಕ್ಷಣ ಮುಖ ಗಂಟಿಕ್ಕಿದಳು, ಆಮೇಲೆ ನಕ್ಕುಬಿಟ್ಟಳು. “ಅದು ತಲೆನೋವಲ್ಲ ಅತ್ತೆ. ಸ್ನೇಹಿತರು ಹೊರಗೆ ಕರೆದಾಗ ದುಡ್ಡಿಲ್ಲದೆ ಹೇಳಿದ ಸುಳ್ಳು. ಯಾವ ದಿನ ಏನು ಹೇಳಿದೆ ಅನ್ನೋದು ಮರೆತುಹೋಗಬಾರದಲ್ಲ, ಅದಕ್ಕೆ ಬರ್ಕೊಂಡಿದ್ದೀನಿ.”

ಅವಳ ಕೈಗೆ ಬರುವ ಸಂಬಳ ಇಪ್ಪತ್ತನಾಲ್ಕು ಸಾವಿರ. ಪಿ.ಜಿ.ಯಲ್ಲಿ ಊಟ ವಸತಿಗೆ 8,000, ಮನೆಗೆ 7,000, ಓಡಾಟ ಮತ್ತು ಫೋನಿಗೆ 3,000, ಆರ್.ಡಿ.ಗೆ 2,500, ಬಟ್ಟೆಬರೆ, ಔಷಧಿಗೆ 1,500. ಉಳಿದ 2,000 ‘ಹೊರಗೆ’ ಎಂಬ ತಲೆಬರಹದಲ್ಲಿ. ಈ ‘ಹೊರಗೆ’ ಎಂದರೆ ಹುಟ್ಟುಹಬ್ಬದ ಊಟ, ಸಿನಿಮಾ, ಶನಿವಾರ ರಾತ್ರಿಯ ಹೋಟೆಲು. ಆ ತಿಂಗಳ ಮೊದಲ ವಾರದಲ್ಲೇ ಒಂಬತ್ತು ಮಂದಿ ಊಟಕ್ಕೆ ಹೋದರು, ಬಿಲ್ಲು 10,800 ಆಯಿತು. ಇವಳು ತಿಂದದ್ದು ಒಂದು ಫ್ರೈಡ್ ರೈಸು, ಕುಡಿದದ್ದು ಒಂದು ನಿಂಬೆ ಸೋಡ. ಆದರೆ ಯಾರೋ ಫೋನಿನಲ್ಲಿ ಒಂಬತ್ತರಿಂದ ಭಾಗಿಸಿ, ತಲೆಗೆ 1,200 ಎಂದರು. ಇವಳೂ ತುಟಿ ಬಿಚ್ಚದೆ ಕಳಿಸಿದಳು. ಉಳಿದ ಎಂಟುನೂರರಲ್ಲಿ ತಿಂಗಳು ದೂಡಬೇಕಾಗಿ ಬಂದಾಗ ತಲೆನೋವು ಶುರುವಾಯಿತು.

ನಾನು ಮೇಷ್ಟರ ದನಿಯಲ್ಲೇ ಮಾತಾಡಿದೆ. “ಹೋಗದಿದ್ದರಾಯಿತು. ಎರಡು ಸಾವಿರ ಆರ್.ಡಿ.ಗೆ ಸೇರಿಸು. ನಾವೇನು ಹೋಟೆಲಿಗೆ ಹೋಗಿ ದೊಡ್ಡವರಾದೆವೇ?”

ಅವಳು ಎದುರಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಹೋದ ವರ್ಷ ಡೆಂಗಿ ಜ್ವರ ಬಂದಾಗ ರಾತ್ರಿ ಹನ್ನೊಂದು ಗಂಟೆಗೆ ಆಸ್ಪತ್ರೆಗೆ ಕರ್ಕೊಂಡು ಹೋದೋರು ಅವರೇ ಅತ್ತೆ. ಅಲ್ಲಿ ನನಗೆ ನೆಂಟರು ಅಂದ್ರೆ ಅವರೇ” ಎಂದಳು.

ಆ ಮಾತು ನನ್ನನ್ನು ಸುಮ್ಮನಾಗಿಸಿತು. ನೆಂಟಸ್ತನಕ್ಕೆ ಖರ್ಚು ಮಾಡಬಾರದೆಂದು ನಮ್ಮ ಹಿರಿಯರು ಎಂದಾದರೂ ಹೇಳಿದ್ದರೇ? ನಮ್ಮಮ್ಮನ ಟ್ರಂಕಿನಲ್ಲಿ ಒಂದು ಮುಯ್ಯಿ ಪುಸ್ತಕವಿತ್ತು. ನಮ್ಮ ಮನೆಯ ಮದುವೆಗೆ ಯಾರು ಐದು ರೂಪಾಯಿ ಹಾಕಿದರು, ಯಾರು ಎರಡು ಸೇರು ಅಕ್ಕಿ ತಂದರು ಎಂಬುದೆಲ್ಲ ಅದರಲ್ಲಿತ್ತು. ಅವರ ಮನೆಯ ಮದುವೆಗೆ ಹೊರಟಾಗ ಅಮ್ಮ ಪುಸ್ತಕ ತೆಗೆಸಿ, ನನ್ನಿಂದ ಓದಿಸಿ, ಬಂದದ್ದರ ಮೇಲೆ ಒಂದಿಷ್ಟು ಸೇರಿಸಿಯೇ ಮುಯ್ಯಿ ತೀರಿಸುತ್ತಿದ್ದರು. ಅದೂ ಹೊರಗೆ ಹೋಗುವುದರ ಬಜೆಟ್ಟೇ ತಾನೆ?

ಹಳೆಯದೆಲ್ಲ ಚೆನ್ನಾಗಿತ್ತು ಎಂದು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಮ್ಮ ಬೀದಿಯಲ್ಲಿ ಗಂಡ ಸತ್ತ ಒಬ್ಬ ಹೆಂಗಸಿದ್ದರು. ಹತ್ತಿರದ ಬಳಗದ ಮದುವೆಯೊಂದಕ್ಕೂ ಅವರು ಹೋಗಲಿಲ್ಲ. ಸೊಂಟನೋವು ಎಂದರು. ಮಾರನೆಯ ದಿನ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುತ್ತಿದ್ದುದನ್ನು ನಾನೇ ಕಂಡೆ. ಮನೆಗೆ ಬಂದು ಹೇಳಿದಾಗ ಅಮ್ಮ, “ಮುಯ್ಯಿಗೆ ದುಡ್ಡಿಲ್ಲ ಕಣವ್ವ, ಯಾರ ಮುಂದೂ ಆಡಬೇಡ” ಎಂದರು. ಅವರ ಸೊಂಟನೋವಿಗೂ ನನ್ನ ಸೊಸೆಯ ತಲೆನೋವಿಗೂ ಏನು ವ್ಯತ್ಯಾಸ?

ಹಾಗಾದರೆ ತಪ್ಪು ಎಲ್ಲಿದೆ? ಹೋಟೆಲಿನಲ್ಲೂ ಇಲ್ಲ, ಮದುವೆಯಲ್ಲೂ ಇಲ್ಲ. ಲೆಕ್ಕವಿಡುವುದಂತೂ ತಪ್ಪಲ್ಲ. ಸಮಪಾಲು ಎಂದರೆ ಅದೇ ನ್ಯಾಯ ಎಂದು ನಾವು ಯೋಚಿಸದೆ ನಂಬಿರುವುದರಲ್ಲಿ ತಪ್ಪಿದೆ ಎಂದು ನನಗೀಗ ಅನ್ನಿಸುತ್ತದೆ. ಎಂಬತ್ತು ಸಾವಿರ ಸಂಬಳದವನಿಗೂ ಇಪ್ಪತ್ತನಾಲ್ಕು ಸಾವಿರದವಳಿಗೂ 1,200 ರೂಪಾಯಿ ಅಂಕೆಯಲ್ಲಿ ಮಾತ್ರ ಸಮ. ಒಬ್ಬನಿಗೆ ಅದು ಒಂದು ಸಂಜೆ, ಇನ್ನೊಬ್ಬಳಿಗೆ ತಿಂಗಳ ಅರ್ಧಕ್ಕಿಂತ ಹೆಚ್ಚು ಸಂತೋಷ.

ಇದನ್ನು ಬರೆಯುವಾಗ ನನ್ನದೇ ತಪ್ಪೊಂದು ಎದುರು ಬಂದು ನಿಲ್ಲುತ್ತದೆ. 2022ರಲ್ಲಿ ನಮ್ಮ ಶಾಲೆಯ ಹಿರಿಯ ಉಪಾಧ್ಯಾಯರೊಬ್ಬರು ನಿವೃತ್ತರಾದರು. ಉಡುಗೊರೆ ಮತ್ತು ಊಟಕ್ಕೆ ಹಣ ಎತ್ತುವ ಕೆಲಸ ನನ್ನದಾಗಿತ್ತು. ಭೇದ ಬೇಡ, ಎಲ್ಲರೂ ತಲೆಗೆ ಐದುನೂರು ಕೊಡೋಣ ಎಂದೆ. ಎಷ್ಟು ಉದಾರವಾದ ಮಾತು ಆಡಿದೆನೆಂದು ಒಳಗೊಳಗೇ ಹೆಮ್ಮೆ ಕೂಡ. ಬಿಸಿಯೂಟದ ಅಡುಗೆಯಾಕೆ ಮೂರು ದಿನ ತಡಮಾಡಿ, ಸೆರಗಿನ ಗಂಟು ಬಿಚ್ಚಿ, ನೂರರ ಐದು ನೋಟು ಎಣಿಸಿ ಕೊಟ್ಟರು. ಆಗ ಅವರ ತಿಂಗಳ ಗೌರವಧನ ನಾಲ್ಕು ಸಾವಿರವನ್ನೂ ಮುಟ್ಟುತ್ತಿರಲಿಲ್ಲ. ಬೀಳ್ಕೊಡುಗೆಯ ಊಟಕ್ಕೆ ಅವರು ಬರಲಿಲ್ಲ. ಯಾಕೆಂದು ಕೇಳಿದರೆ, ಮಗುವಿಗೆ ಹುಷಾರಿಲ್ಲ ಎಂದರು. ನಾನು ನಂಬಿದೆ. ಈಗ ನಂಬಿಕೆ ಅಲುಗಾಡುತ್ತಿದೆ. ಹಣ ಕೊಟ್ಟ ಮೇಲೂ ಬರದಿದ್ದರೆಂದರೆ, ಕೊಟ್ಟದ್ದು ಸಂತೋಷಕ್ಕಲ್ಲ, ಮಾನಕ್ಕೆ.

ಆಕೆಯಿಂದ ಹಣವನ್ನೇ ತೆಗೆದುಕೊಳ್ಳಬಾರದಿತ್ತೇ? ಅದೂ ಸರಿಯಲ್ಲ. “ನೀನು ಕೊಡಬೇಡ ಬಿಡಮ್ಮ” ಎನ್ನುವುದರಲ್ಲೂ ಒಂದು ಚೂರಿಯಿದೆ. ಬಡವರಿಗೆ ಕೊಡುವ ಆಸೆಯೂ ಇರುತ್ತದೆ. ಈ ಎರಡರ ನಡುವೆ ದಾರಿ ಯಾವುದೆಂದು ಯೋಚಿಸುವಾಗ ಚಿಕ್ಕಲ್ಲೂರು ನೆನಪಾಯಿತು. ಬನದ ಹುಣ್ಣಿಮೆಯಿಂದ ಐದು ದಿನ ಸಿದ್ಧಪ್ಪಾಜಿಯ ಜಾತ್ರೆ. ಅಲ್ಲಿಯ ಪಂಕ್ತಿಸೇವೆಯನ್ನು ನಮ್ಮ ಸೀಮೆಯವರಿಗೆ ಬೇರೆಯಾಗಿ ವಿವರಿಸಬೇಕಿಲ್ಲ. ತಂತಮ್ಮ ಶಕ್ತಿಯಿದ್ದಷ್ಟು ಸಾಮಾನು ಹೊತ್ತು ತಂದು, ಬಯಲಲ್ಲಿ ಒಲೆ ಹೂಡಿ ಬೇಯಿಸಿ, ಎಡೆಯಿಟ್ಟು, ಸಾಲಾಗಿ ಕೂತು ಉಣ್ಣುತ್ತಾರೆ. ಜಾತಿ ಕೇಳದೆ ಒಟ್ಟಿಗೆ ಕೂರುವುದೇ ಅದರ ಹೆಗ್ಗಳಿಕೆ. ತರುವುದು ಶಕ್ತಿಗೆ ತಕ್ಕಂತೆ, ಉಣ್ಣುವುದು ಹಸಿವಿಗೆ ತಕ್ಕಂತೆ. ಅಲ್ಲಿ ಸಮಪಾಲಿಲ್ಲ, ಸಮಪಂಕ್ತಿಯಿದೆ.

ಬೆಂಗಳೂರಿನ ಹೋಟೆಲಿನಲ್ಲಿ ಸಿದ್ಧಪ್ಪಾಜಿಯ ಪಂಕ್ತಿ ನಡೆಯುವುದಿಲ್ಲ ಎಂದು ನೀವು ನಗಬಹುದು. ನಿಜವೇ. ಆದರೆ ಅದರ ತಿರುಳನ್ನು ಒಯ್ಯಬಹುದು. ಊಟದ ಕೊನೆಗೆ ಹೇಗೆ ಹಂಚೋಣ ಎನ್ನುವ ಬದಲು, ಹೊರಡುವ ಮೊದಲೇ ಎಷ್ಟರೊಳಗೆ ಮುಗಿಸೋಣ ಎಂದು ಕೇಳಿದರೆ ಸಾಕು. ಅದನ್ನು ಮೊದಲು ಕೇಳಬೇಕಾದವರು ಉಳ್ಳವರು. ಇಲ್ಲದವರು ಬಾಯಿಬಿಡುವ ತನಕ ಕಾಯುವುದು ಸ್ನೇಹವಲ್ಲ. ಇನ್ನು ನಮ್ಮಂಥ ತಾಯಂದಿರು, ಅತ್ತೆಯಂದಿರು ‘ಖರ್ಚು ಮಾಡಬೇಡ’ ಎಂದು ಹೇಳುವುದನ್ನಷ್ಟೇ ಕಲಿಸಿದ್ದೇವೆ. ‘ನನ್ನ ಕೈಲಿ ಇಷ್ಟೇ ಆಗುವುದು’ ಎಂದು ತಲೆಯೆತ್ತಿ ಹೇಳುವುದನ್ನು ಕಲಿಸಲಿಲ್ಲ. ನಾವೇ ಕಲಿತಿರಲಿಲ್ಲವಲ್ಲ. ಸೀರೆ ಚೀಟಿಯಿಂದ ಹಿಡಿದು ಪ್ರವಾಸದವರೆಗೆ ಗಂಡನ ಮೇಲೋ, ಮಕ್ಕಳ ಪರೀಕ್ಷೆಯ ಮೇಲೋ ನೆಪ ಹಾಕಿಯೇ ನುಣುಚಿಕೊಂಡವರು ನಾವು.

ಹಣ ಕಣ್ಣಿಗೆ ಕಾಣದಿರುವುದೂ ಈ ಮಕ್ಕಳಿಗೊಂದು ತೊಡಕು. 2016ರಲ್ಲಿ ಯು.ಪಿ.ಐ. ಬಂದ ಮೇಲೆ ಪರ್ಸು ತೆಳ್ಳಗಾಗುವುದೇ ತಿಳಿಯುವುದಿಲ್ಲ. ಅದಕ್ಕೇ ಅವಳು ಪುಸ್ತಕ ಇಟ್ಟಿದ್ದಳು. ಹೊರಗಿನ ಖರ್ಚಿನ ಎರಡು ಸಾವಿರವನ್ನು ತಿಂಗಳ ಮೊದಲಲ್ಲೇ ಬೇರೆ ಖಾತೆಗೆ ಹಾಕಿಕೋ, ಅದನ್ನು ನಾಲ್ಕು ವಾರಕ್ಕೆ ಐದೈದು ನೂರು ಮಾಡಿಕೋ, ಸುಳ್ಳು ಮಾತ್ರ ಬರೆಯಬೇಡ ಎಂದೆ. ಎರಡು ಸಾವಿರವನ್ನೂ ಉಳಿಸು ಎಂಬ ಮಾತನ್ನು ವಾಪಸು ಪಡೆದೆ.

ಹೋಗಿ ಎರಡು ವಾರಕ್ಕೆ ಫೋನು ಮಾಡಿದಳು. ಮುಂದಿನ ಹುಟ್ಟುಹಬ್ಬಕ್ಕೆ ಕರೆ ಬಂದಾಗ, “ನಾನು ಐದುನೂರರವರೆಗೆ ಬರ್ತೀನಿ, ಅದಕ್ಕಿಂತ ಹೆಚ್ಚಾದರೆ ಕೇಕ್ ಕತ್ತರಿಸೋ ಹೊತ್ತಿಗೆ ಬಂದು ಹೋಗ್ತೀನಿ” ಎಂದು ಎಲ್ಲರಿಗೂ ತಿಳಿಸಿದಳಂತೆ. ಒಬ್ಬ ಹುಡುಗ ಗೇಲಿ ಮಾಡಿದನಂತೆ. ಆ ರಾತ್ರಿ ಗುಂಪಿನ ಇನ್ನೊಬ್ಬ ಹುಡುಗಿ ಬೇರೆಯಾಗಿ ಫೋನು ಮಾಡಿ, “ನೀನು ಹೇಳಿದ್ದು ಒಳ್ಳೇದಾಯ್ತು ಕಣೇ, ಹೋದ ಸಲ ನಾನು ಸಾಲ ಮಾಡಿ ಕೊಟ್ಟಿದ್ದೆ” ಎಂದಳಂತೆ. ನಾಲ್ವರು ಹುಡುಗಿಯರು ಸೇರಿ, 2023ರಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಟಿಕೆಟ್ಟಿನಲ್ಲಿ ಕನಕಪುರ, ಮಳವಳ್ಳಿಯ ಮೇಲೆ ನಮ್ಮೂರಿಗೆ ಬಂದು ಭರಚುಕ್ಕಿ ನೋಡುವುದೆಂದು ಮಾತಾಗಿದೆ.

ಅಡುಗೆ ನಾನೇ ಮಾಡುತ್ತೇನೆ. ಅದಕ್ಕೆ ಮೊದಲು ನನಗೊಂದು ಕೆಲಸವಿದೆ. ನಮ್ಮ ಶಾಲೆಯ ಅಡುಗೆಯಾಕೆಯನ್ನು ಒಂದು ದಿನ ಮನೆಗೆ ಊಟಕ್ಕೆ ಕರೆಯಬೇಕು. ಆ ಐದುನೂರರ ಮಾತು ಎತ್ತುವುದೋ ಬೇಡವೋ ಇನ್ನೂ ತೋಚಿಲ್ಲ. ಅವರಿಗೆ ಬಡಿಸಿ, ಪಕ್ಕದಲ್ಲಿ ನಾನೂ ಎಲೆ ಹಾಕಿಕೊಂಡು ಕೂರುವುದಂತೂ ಖಂಡಿತ.