ಲೆಕ್ಕ ಅವರದು, ಪ್ರಯಾಣ ನಮ್ಮದು
ಪಾಯಾ ಲೆಬಾರ್‌ನಲ್ಲಿ ಈಸ್ಟ್ ವೆಸ್ಟ್ ಲೈನ್ ಇಳಿದು ಸರ್ಕಲ್ ಲೈನ್ ಹತ್ತುವಾಗ ನಾವ್ಯಾರೂ ಯೋಚಿಸೋದಿಲ್ಲ, ಈ ರೈಲಿಗೆ ಚಾಲಕರೇ ಇಲ್ಲ. ಹಾಗಾದರೆ ನಾವು ನಂಬಿರೋದು ಯಾರನ್ನ?

ಒಂದು ಲೆಕ್ಕವನ್ನ, ಮತ್ತು ಆ ಲೆಕ್ಕ ಹಾಕಿದವರನ್ನ. ದೊಡ್ಡ ಯಂತ್ರವ್ಯವಸ್ಥೆ ಎಷ್ಟರಮಟ್ಟಿಗೆ ಕೈಕೊಡದೆ ನಡೆದೀತು ಅಂತ ಅಂದಾಜು ಮಾಡುವ ಸಾಫ್ಟ್‌ವೇರ್‌ಗಳಿವೆ. ನೂರು ಭಾಗಗಳಲ್ಲಿ ಒಂದು ಕೆಟ್ಟರೂ ಕೆಲಸ ನಿಲ್ಲುತ್ತದೆ ಅನ್ನಿ. ಪ್ರತಿಯೊಂದರ ಭರವಸೆ ಶೇ. 99.9 ಇದ್ದರೂ ಒಟ್ಟು ಭರವಸೆ ಸುಮಾರು ಶೇ. 90 ಮಾತ್ರ. ಈ ಗುಣಾಕಾರದ ಹಿಂದೆ ಒಂದು ಊಹೆ ಇದೆ: ಒಂದರ ದೋಷ ಇನ್ನೊಂದಕ್ಕೆ ತಗುಲೋದಿಲ್ಲ.

2016ರಲ್ಲಿ ಇದೇ ಸರ್ಕಲ್ ಲೈನ್‌ನ ರೈಲುಗಳು ಸಿಗ್ನಲ್ ಕಳೆದುಕೊಂಡು, ತುರ್ತು ಬ್ರೇಕ್ ಬಿದ್ದು ನಿಲ್ಲತೊಡಗಿದವು. ಕಾರಣ ತಿಳಿಯಲಿಲ್ಲ. ಸರ್ಕಾರದ ಡೇಟಾ ತಜ್ಞರು ಪ್ರತಿ ಘಟನೆಯ ಹೊತ್ತು, ಜಾಗ, ದಿಕ್ಕನ್ನು ಪೈಥಾನ್ ಬಳಸಿ ಚಿತ್ರವಾಗಿಸಿದರು. ಆಗ ಸಿಕ್ಕಿಬಿದ್ದದ್ದು ಪಿವಿ46 ಎಂಬ ಒಂದೇ ರೈಲು. ಅದರ ಸಿಗ್ನಲ್ ಉಪಕರಣದ ದೋಷದಿಂದ, ಅದು ಹತ್ತಿರ ಹಾದುಹೋಗುವಾಗ ಬೇರೆ ರೈಲುಗಳು ನಿಲ್ಲುತ್ತಿದ್ದವು. ತಪ್ಪು ಒಬ್ಬರದು, ಶಿಕ್ಷೆ ಪಕ್ಕದವರಿಗೆ!

ಹಾಗಂತ ಅಂದಾಜೇ ಬೇಡವೇ? ಬೇಕು. ಕಗ್ಗಂಟು ಬಿಡಿಸಿದ್ದೂ ಲೆಕ್ಕವೇ ತಾನೆ. ಆದರೆ ಉತ್ತರ ಬಂದ ಕೂಡಲೇ ಲೆಕ್ಕಿಗರ ಹೊಣೆ ಮುಗಿಯುತ್ತೆ ಅಂತ ನನಗನ್ನಿಸೋದಿಲ್ಲ. ‘ಇಷ್ಟು ಭರವಸೆ’ ಅನ್ನುವವರು ‘ಇಂತಿಂಥದ್ದನ್ನು ಊಹಿಸಿಕೊಂಡಿದ್ದೇವೆ’ ಅಂತಲೂ ಹೇಳಬೇಕು. ಯಾಕಂದ್ರೆ ಊಹೆ ಅವರದಾದರೂ, ಸುರಂಗದಲ್ಲಿ ನಿಂತುಹೋಗೋರು ನಾವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ ನಮ್ಮ ಹಿರಿಯರು. ಕಣ್ಣಿಗೆ ಕಂಡದ್ದಕ್ಕೇ ಆ ಮಾತಾದರೆ, ಅಂಕಿಗೆ ಇನ್ನೆಷ್ಟು!